ಟ್ಯಾಗಿನ ಮಾತು, ಖಾತೆ ಪುಸ್ತಕದ ತಾರೀಖು: ಬೆಂಗಳೂರಿನ ಒಂದು ಕೈಮಗ್ಗ ಬ್ರ್ಯಾಂಡಿನ ಪ್ರಕರಣ ಅಧ್ಯಯನ

ಕುರ್ತಾದ ಕೊರಳಿಗೆ ಕಟ್ಟಿದ್ದ ಕಂದು ರಟ್ಟಿನ ಟ್ಯಾಗಿನಲ್ಲಿ ಐದು ಮಾತುಗಳಿದ್ದವು: ನೂರಕ್ಕೆ ನೂರು ಕೈಮಗ್ಗ, ಸಾವಯವ ಹತ್ತಿ, ನೈಸರ್ಗಿಕ ಬಣ್ಣ, ನ್ಯಾಯವಾದ ಕೂಲಿ, ಶೂನ್ಯ ತ್ಯಾಜ್ಯ. ತೆರಿಗೆ ಬಿಟ್ಟು ಬೆಲೆ ₹2,800. ಜಯನಗರದಲ್ಲಿ ವರ್ಷಕ್ಕೊಮ್ಮೆ ಕೈಮಗ್ಗ ಮೇಳ ನಡೆಸುವ ಮಹಿಳಾ ಬಳಗವೊಂದು ಈ ಬ್ರ್ಯಾಂಡಿಗೆ ಮಳಿಗೆ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಬೇಕಿತ್ತು. ಮಳಿಗೆ ಕೊಟ್ಟರೆ ಆ ಐದು ಮಾತುಗಳಿಗೆ ಬಳಗವೂ ಜಾಮೀನು ನಿಂತ ಹಾಗೆ. ಹಾಗಾಗಿ ಬುಡದಿಂದ ಪರಿಶೀಲಿಸಿ ವರದಿ ಕೊಡಿ ಎಂದು ನನ್ನನ್ನೂ ಜವಳಿ ತಂತ್ರಜ್ಞಾನ ಓದಿದ ಗೆಳತಿಯೊಬ್ಬರನ್ನೂ ಕೇಳಿದರು. ಬ್ರ್ಯಾಂಡಿನ ಹೆಸರು ಇಲ್ಲಿ ಬೇಕಿಲ್ಲ. ಕಂಡ ಸಂಗತಿಗಳು ಮುಖ್ಯ.

ಬ್ರ್ಯಾಂಡಿನ ಒಡತಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು. ಬನಶಂಕರಿ ಎರಡನೇ ಹಂತದ ಬಾಡಿಗೆ ಮನೆಯೊಂದರ ನೆಲಮಹಡಿಯಲ್ಲಿ ಹೊಲಿಗೆ ನಡೆಯುತ್ತದೆ, ಮೇಲಿನ ಎರಡು ಕೋಣೆಗಳಲ್ಲಿ ದಾಸ್ತಾನು ಮತ್ತು ಆಫೀಸು. ಸಾದಾ ಹತ್ತಿ ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಸುತ್ತಿನ ಮಗ್ಗಗಳಿಂದ, ಕಸೂತಿ ಧಾರವಾಡದ ಹೆಣ್ಣುಮಕ್ಕಳಿಂದ. ಮಾರಾಟ ಅರ್ಧ ಆನ್‌ಲೈನ್, ಉಳಿದದ್ದು ಮೇಳಗಳಲ್ಲಿ ಮತ್ತು ಇಂದಿರಾನಗರದ ಕಡೆಯ ಬೊಟೀಕ್‌ಗಳಲ್ಲಿ. ಕೇಳಿದ ಪುಸ್ತಕಗಳನ್ನೆಲ್ಲ ಒಡತಿ ತೆಗೆದುಕೊಟ್ಟರು: ನೂಲಿನ ಬಿಲ್ಲು, ಬಣ್ಣದ ಬಿಲ್ಲು, ಬ್ಯಾಂಕ್ ಖಾತೆ, ಹೊಲಿಗೆಯವರ ಹಾಜರಿ. ಇಷ್ಟು ಧಾರಾಳವಾಗಿ ತೆರೆದು ತೋರಿಸುವವರು ಕಡಿಮೆ. ಮುಂದೆ ಬರೆದಿರುವುದರಲ್ಲಿ ಕಟುವಾದದ್ದು ಬಹಳವಿದೆ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಮಗ್ಗದ ಲೆಕ್ಕ

ಬಟ್ಟೆ ಕೈಮಗ್ಗದ್ದೋ ಪವರ್‌ಲೂಮಿನದೋ ಎಂದು ಕಣ್ಣಳತೆಯಲ್ಲೇ ಹೇಳುವವರಿದ್ದಾರೆ. ಅಂಚಿನ ಸಣ್ಣ ತೂತುಗಳು, ಹೊಕ್ಕಿನ, ಅಂದರೆ ಅಡ್ಡ ಎಳೆಯ ಏರುಪೇರು, ಮುಟ್ಟಿದಾಗಿನ ಮೆದು, ಇವೆಲ್ಲ ಸುಳಿವುಗಳು ನಿಜ. ಆದರೆ ಲಾಳಿ ಓಡಿಸುವ ಹಳೆಯ ಪವರ್‌ಲೂಮಿನ ಬಟ್ಟೆಯೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಬೇಕೆಂದೇ ಗಂಟುಗಂಟಾದ ನೂಲು ಹಾಕಿ ಕೈಮಗ್ಗದ ಛಾಯೆ ತರುವುದೂ ಇದೆ. ಬಟ್ಟೆ ನೋಡಿ ತೀರ್ಪು ಕೊಡುವುದಕ್ಕಿಂತ ಬಿಲ್ಲು ನೋಡಿ ಲೆಕ್ಕ ಹಾಕುವುದು ಗಟ್ಟಿ.

ಬ್ರ್ಯಾಂಡಿಗೆ ಬಟ್ಟೆ ಒದಗಿಸುವ ಮಧ್ಯವರ್ತಿಯ ಬಿಲ್ಲಿನಲ್ಲಿ ಯಾವ ಮನೆಯಿಂದ ಎಷ್ಟು ಮೀಟರ್ ಎಂಬ ವಿವರವಿತ್ತು. ಒಂದು ಮನೆ, ಎರಡು ಕುಣಿಮಗ್ಗ (ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ). ಆ ದಪ್ಪದ ಸಾದಾ ಬಟ್ಟೆಯನ್ನು ಒಬ್ಬರು ದಿನಕ್ಕೆ ಐದು ಮೀಟರ್ ನೇಯ್ದರೆ ಪಳಗಿದ ಕೈ ಎನ್ನಬೇಕು. ತಿಂಗಳಿಗೆ ಇಪ್ಪತ್ತೈದು ದಿನ ಹಿಡಿದರೂ ಎರಡು ಮಗ್ಗಕ್ಕೆ 250 ಮೀಟರ್. ದಸರೆ ಬಂದ ತಿಂಗಳಲ್ಲಿ ಆ ಮನೆಯ ಹೆಸರಿನಲ್ಲಿ ಬಂದಿದ್ದ ಬಟ್ಟೆ 410 ಮೀಟರ್! ಆ ಮನೆಗೇ ಹೋಗಿ ಕೇಳಿದಾಗ ನೇಕಾರರು, ‘ದಸರಾಕ್ಕ ನಾವು ಖಂಡೇಪೂಜಾ ಮಾಡಿ ಮಗ್ಗ ಬಂದ್ ಇಡ್ತೇವ್ರಿ, ಆ ತಿಂಗಳ ನೇಯ್ಗಿ ಕಮ್ಮೀನ’ ಅಂದರು. ಉಳಿದ ಬಟ್ಟೆ ಎಲ್ಲಿಂದ ಬಂತೆಂದು ಮಧ್ಯವರ್ತಿ ಕೊನೆಗೆ ಒಪ್ಪಿಕೊಂಡರು. ಪಕ್ಕದೂರಿನ ಪವರ್‌ಲೂಮಿನಿಂದ ತಂದು ಸೇರಿಸಿದ್ದರು. ಹಬ್ಬದ ಆರ್ಡರು ದೊಡ್ಡದಿತ್ತು, ಬೆಂಗಳೂರಿನಿಂದ ದಿನಕ್ಕೆರಡು ಫೋನು ಬರುತ್ತಿತ್ತು.

ಒಡತಿಗೆ ಇದು ತಿಳಿದಿರಲಿಲ್ಲ. ಅವರ ಮಾತನ್ನು ನಾವು ನಂಬಿದೆವು. ಆದರೆ ‘ತಿಳಿದಿರಲಿಲ್ಲ’ ಎಂಬುದು ಇಲ್ಲಿ ಉತ್ತರವಾಗಲಾರದು. ಎರಡು ಮಗ್ಗದ ಮನೆಗೆ 410 ಮೀಟರಿನ ಬೇಡಿಕೆ ಕಳಿಸಿದವರು ಆ ಗುಣಾಕಾರವನ್ನು ತಾವೇ ಮಾಡಿ ನೋಡಬೇಕಿತ್ತು. ಪವರ್‌ಲೂಮ್ ಎಂದರೆ ಪಾಪ ಎಂದು ನಾನು ಹೇಳುತ್ತಿಲ್ಲ. ದೊಡ್ಡಬಳ್ಳಾಪುರದಲ್ಲಿ ಅದನ್ನೇ ನಂಬಿ ಬದುಕುವ ಕುಟುಂಬಗಳು ಎಷ್ಟೋ ಇವೆ. ಅವರ ಬಟ್ಟೆಯನ್ನು ಅವರ ಹೆಸರಿನಲ್ಲಿ ಮಾರಿದರೆ ತಕರಾರಿಲ್ಲ. ಕೈಮಗ್ಗದ ಬೆಲೆ ತೆಗೆದುಕೊಂಡು ಯಂತ್ರದ ಬಟ್ಟೆ ಕೊಟ್ಟರೆ ಕೊಳ್ಳುವವರಿಗೂ ಮೋಸ, ನೇಕಾರರಿಗೂ ಮೋಸ. 2006ರಿಂದಲೇ, ಬಟ್ಟೆ ಕೈಮಗ್ಗದ್ದೇ ಎಂದು ಖಾತ್ರಿ ಕೊಡುವ, ಕೇಂದ್ರ ಸರ್ಕಾರದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, 2015ರಲ್ಲಿ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್ ಎಂಬುದೂ ಬಂತು. ಈ ಬ್ರ್ಯಾಂಡ್ ಎರಡಕ್ಕೂ ಅರ್ಜಿ ಹಾಕಿರಲಿಲ್ಲ. ತಮ್ಮದೇ ಟ್ಯಾಗ್ ಸಾಕು ಅನ್ನಿಸಿತ್ತಂತೆ.

ಹತ್ತಿ ಮತ್ತು ಬಣ್ಣ

ಸಾವಯವ ಹತ್ತಿಯ ಮಾತು ಐದು ನಿಮಿಷ ನಿಲ್ಲಲಿಲ್ಲ. ನೂಲು ಗಿರಣಿಯದು, ಬಿಲ್ಲಿನಲ್ಲಿ ಯಾವ ಪ್ರಮಾಣಪತ್ರದ ಸಂಖ್ಯೆಯೂ ಇಲ್ಲ. ನಮ್ಮ ದೇಶದ ಹತ್ತಿ ಬೆಳೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಿಟಿ ಎಂಬ ಕುಲಾಂತರಿ ಹತ್ತಿ, ಬಿಟಿ ಹತ್ತಿಗೆ ಸಾವಯವ ಪ್ರಮಾಣಪತ್ರ ಸಿಗುವುದಿಲ್ಲ. ಕಾಗದವಿಲ್ಲದ ನೂಲನ್ನು ಸಾವಯವ ಎಂದು ಕರೆಯುವ ಹಾಗಿಲ್ಲ. ಒಡತಿ ಅಲ್ಲೇ ಒಪ್ಪಿ ಆ ಮಾತು ತೆಗೆದರು.

ಬಣ್ಣದ ವಿಷಯ ಅಷ್ಟು ಸರಳವಲ್ಲ. ಈ ಬ್ರ್ಯಾಂಡಿನ ಎರಡು ಬಣ್ಣಗಳು ನಿಜಕ್ಕೂ ನೈಸರ್ಗಿಕ. ಒಂದು ನೀಲಿ, ಇನ್ನೊಂದು ಅಡಿಕೆ ಚೊಗರಿನ ಕೆಂಗಂದು. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಗಟ್ಟಿ ಒಗರು ನೀರೇ ಚೊಗರು. ಹೆಗ್ಗೋಡಿನ ಬಳಿಯ ಚರಕ ಸಂಸ್ಥೆ ಇದನ್ನು ಬಟ್ಟೆಯ ಬಣ್ಣವಾಗಿ ಬಳಸುತ್ತ ಬಂದಿರುವುದು ಕೈಮಗ್ಗ ಉಡುವವರಿಗೆಲ್ಲ ಗೊತ್ತು. ಇವರೂ ಸಾಗರದ ಕಡೆಯಿಂದ ಚೊಗರು ತರಿಸಿ ಬಣ್ಣಗಾರರಿಗೆ ಕೊಡುತ್ತಾರೆ. ಕ್ಯಾನುಗಳ ಲೆಕ್ಕ, ಸಾಗಣೆಯ ರಶೀದಿ, ಬಣ್ಣ ಹಾಕಿದ ನೂಲಿನ ತೂಕ, ಮೂರೂ ಒಂದಕ್ಕೊಂದು ತಾಳೆಯಾದವು.

ಕೆಂಪು, ಹಸಿರು, ಕಪ್ಪು ತಾಳೆಯಾಗಲಿಲ್ಲ. ಕೆಂಪು ಮಂಜಿಷ್ಠದ್ದು ಎಂದು ಬರೆದಿತ್ತು. ನೂಲು ಗಾಢವಾಗಿ ಕೆಂಪಾಗಬೇಕಾದರೆ ಮಂಜಿಷ್ಠದ ಬೇರು ಕಿಲೋಗಟ್ಟಲೆ ಬೇಕು, ಬಣ್ಣ ಕಚ್ಚಿಸುವ ಪಟಿಕವೂ ಬೇಕು, ಅಳಲೆಕಾಯಿಯೂ ಬೇಕು. ವರ್ಷದ ಪುಸ್ತಕದಲ್ಲಿ ಇವು ಯಾವುದರ ಖರೀದಿಯೂ ಇರಲಿಲ್ಲ. ಬಣ್ಣಗಾರರ ಬಿಲ್ಲಿನಲ್ಲಿದ್ದದ್ದು ರಿಯಾಕ್ಟಿವ್ ಎಂಬ ರಾಸಾಯನಿಕ ಬಣ್ಣ, ಉಪ್ಪು, ಸೋಡಾ.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ರಾಸಾಯನಿಕ ಬಣ್ಣ ಬಳಸಿದರೆಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು. ಕ್ಯಾನ್ಸರ್‌ಕಾರಕ ಅಮೈನುಗಳನ್ನು ಬಿಡುವ 112 ಅಜೋ ಬಣ್ಣಗಳನ್ನು ಭಾರತ 1990ರ ದಶಕದಲ್ಲೇ ನಿಷೇಧಿಸಿದೆ. ಒಳ್ಳೆಯ ಕಂಪನಿಯ ರಿಯಾಕ್ಟಿವ್ ಬಣ್ಣ ಹತ್ತಿಗೆ ಗಟ್ಟಿಯಾಗಿ ಕೂರುತ್ತದೆ, ಒಗೆತಕ್ಕೆ ಬಾಳುತ್ತದೆ. ಇನ್ನೊಂದು ಕಡೆ, ನೈಸರ್ಗಿಕ ಎಂದು ಮಾರುವ ಬಣ್ಣಕ್ಕೂ ಮೈಲುತುತ್ತೋ ಕ್ರೋಮಿಯಂ ಲವಣವೋ ಹಾಕಿ ಆ ನೀರನ್ನು ಹಿತ್ತಲಿಗೆ ಚೆಲ್ಲಿದರೆ ಅದು ಮಣ್ಣಿಗೂ ಕೈಗೂ ವಿಷವೇ. ಹಾಗಾಗಿ ನಾವು ಹಿಡಿದು ಕೇಳಿದ ಪ್ರಶ್ನೆ ಒಂದು: ಬಣ್ಣ ಹಾಕಿದ ನೀರು ಎಲ್ಲಿಗೆ ಹೋಗುತ್ತದೆ?

ನೂಲಿಗೆ ಬಣ್ಣ ಹಾಕುತ್ತಿದ್ದದ್ದು ಮೈಸೂರು ರಸ್ತೆಯ ಕಡೆಯ ಒಂದು ಸಣ್ಣ ಶೆಡ್ಡಿನಲ್ಲಿ. ತೊಟ್ಟಿಯಿಂದ ಹೊರಟ ಪೈಪು ನೇರ ಮೋರಿಗೆ ಇಳಿದಿತ್ತು. ಆ ಭಾಗದ ಮೋರಿ ನೀರೆಲ್ಲ ಸೇರುವುದು ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಗೆ, ಕೊನೆಗೆ ಕಾವೇರಿಗೆ. ಬೈರಮಂಗಲದ ಕೆಳಗೆ ಆ ನೀರಿನಲ್ಲೇ ಬೇಸಾಯ ಮಾಡುವವರಿದ್ದಾರೆ. ನಾವು ಹೋದ ದಿನ ಮೋರಿಯ ನೀರು ಹಸಿರಾಗಿತ್ತು, ತೊಟ್ಟಿಯಲ್ಲಿದ್ದ ನೂಲಿನ ಲಡಿಯದೇ ಹಸಿರು. ಗೆಳತಿ ಫೋಟೋ ತೆಗೆದರು, ಒಡತಿ ಬಹಳ ಹೊತ್ತು ಮಾತಾಡಲಿಲ್ಲ. ಅವರು ಆ ಶೆಡ್ಡಿಗೆ ಬಂದದ್ದು ಅದೇ ಮೊದಲು.

ಕಸೂತಿಯ ವಿಷಯ ಬೇಗ ಮುಗಿಯಿತು. ಬಟ್ಟೆ ತಿರುಗಿಸಿ ನೋಡಿದರೆ ಸಾಕು. ಎಳೆ ಎಣಿಸಿ ಹಾಕಿದ ಗವಂತಿ, ಮುರ್ಗಿ ಎಂಬ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ಥರ ಕಾಣುತ್ತವೆ, ಗಂಟು ಇರುವುದಿಲ್ಲ. ಕಂಪ್ಯೂಟರ್ ಕಸೂತಿಯಾದರೆ ಹಿಂದೆ ಬಾಬಿನ್ನಿನ ಬಿಳಿ ದಾರ, ಅಂಟಿಸಿದ ಕಾಗದದ ಚೂರು ಇರುತ್ತದೆ. ಇವರದು ಅಪ್ಪಟ ಕೈಕಸೂತಿ. ಒಂದು ಚಿತ್ತಾರಕ್ಕೆ ₹250, ಕೆಲಸ ಒಪ್ಪಿಸಿದ ವಾರದೊಳಗೆ ಹಣ.

ಕೂಲಿ ಯಾರದು, ಎಷ್ಟು

ಇನ್ನು ‘ನ್ಯಾಯವಾದ ಕೂಲಿ’. ನೇಯ್ಗೆಗೆ ಮೀಟರಿಗೆ ₹65, ಸುತ್ತಲಿನ ದರಕ್ಕಿಂತ ಹೆಚ್ಚೇ ಎಂದು ಒಡತಿ ಹೆಮ್ಮೆಯಿಂದ ಹೇಳಿದ್ದರು. ಹೆಚ್ಚು ಎಂಬುದು ನಿಜ. ದಿನಕ್ಕೆ ಐದು ಮೀಟರ್, ಅಂದರೆ ₹325.

ಆದರೆ ಮಗ್ಗದ ಮೇಲೆ ಕೂತು ಲಾಳಿ ಎಸೆಯುವುದು ಕೆಲಸದ ಒಂದು ಭಾಗ ಮಾತ್ರ. ಆ ಮನೆಯ ಪಡಸಾಲೆಯಲ್ಲಿ ಗಂಡ ನೇಯುತ್ತಿದ್ದರೆ ಹೆಂಡತಿ ರಾಟೆಯ ಮುಂದೆ ಕೂತು ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತುತ್ತಿದ್ದರು. ಲಾಳಿಯೊಳಗಿನ ಕಂಡಿಕೆ ಖಾಲಿಯಾಗುವ ಮೊದಲು ಇನ್ನೊಂದು ತಯಾರಿರಬೇಕು, ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಮಧ್ಯೆ ಎದ್ದು ಒಲೆಯ ಮೇಲಿನ ಸಾರು ನೋಡಿ ಬಂದು ಮತ್ತೆ ಕೂತರು. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳು, ಮುಗಿದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಕೆಚ್ಚುವ ಈ ಕೆಲಸಕ್ಕೆ ಮನೆಮಂದಿಯೆಲ್ಲ ಕೂತರೂ ಎರಡು ದಿನ ಹಿಡಿಯುತ್ತದೆ. ಆ ಎರಡು ದಿನ ಒಂದು ಮೀಟರ್ ಬಟ್ಟೆಯೂ ಹುಟ್ಟುವುದಿಲ್ಲ, ಮೀಟರ್ ಲೆಕ್ಕದ ಕೂಲಿಯಲ್ಲಿ ಅದಕ್ಕೆ ಜಾಗವಿಲ್ಲ. ನಾನು ಆ ತಾಯಿಯನ್ನು ಕೇಳಿದೆ, ಕಂಡಿಕೆಗೆ ಬೇರೆ ದುಡ್ಡು ಕೊಡುತ್ತಾರಾ ಎಂದು. ‘ಕಂಡಿಕಿ ಸುತ್ತೂದಕ್ಕ ಯಾರ್ ರೊಕ್ಕಾ ಕೊಡ್ತಾರ್ರೀ? ಅದು ಮನ್ಯಾಗಿನ ಕೆಲಸ’ ಅಂದರು.

ಲೆಕ್ಕ ಹೀಗಾಗುತ್ತದೆ. 50 ಮೀಟರಿನ ಹಾಸೊಂದಕ್ಕೆ ಹತ್ತು ದಿನದ ನೇಯ್ಗೆ, ಎರಡು ದಿನದ ತಯಾರಿ. ಬರುವ ಕೂಲಿ ₹3,250. ಹನ್ನೆರಡು ದಿನಕ್ಕೆ ಹಂಚಿದರೆ ದಿನಕ್ಕೆ ₹271, ಅದೂ ಇಬ್ಬರ ದುಡಿಮೆಗೆ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ಒಬ್ಬರಿಗೆ ದಿನಕ್ಕೆ ₹370 ಇತ್ತು. ಹೂಳೆತ್ತಲು ಹೋದರೆ ಇಬ್ಬರಿಗೆ ₹740 ಸಿಗುತ್ತಿದ್ದ ಊರಿನಲ್ಲಿ, ಅಜ್ಜನಿಂದ ಕಲಿತ ಕಸುಬಿಗೆ ಇಬ್ಬರಿಗೂ ಸೇರಿ ₹271. ಇದನ್ನು ‘ನ್ಯಾಯ’ ಎಂದು ರಟ್ಟಿನ ಮೇಲೆ ಅಚ್ಚು ಹಾಕಿಸಿದ್ದು ಓದಿ ನನಗೆ ಹೊಟ್ಟೆ ಉರಿಯಿತು. ಇದು ಒಂದು ಮನೆಯ ಕಥೆಯೂ ಅಲ್ಲ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ಎಣಿಸಿದ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನ ತಿಂಗಳ ವರಮಾನ ₹5,000ಕ್ಕಿಂತ ಕಡಿಮೆ.

₹2,800ರ ಕುರ್ತಾಗೆ ಎರಡೂವರೆ ಮೀಟರ್ ಬಟ್ಟೆ ಬೇಕು. ಬಟ್ಟೆಯ ಬೆಲೆ ₹600, ಅದರಲ್ಲಿ ನೇಯ್ಗೆಯ ಕೂಲಿ ₹162 ಚಿಲ್ಲರೆ. ಹೊಲಿಗೆ ₹280, ಕಸೂತಿ ₹250, ಗುಂಡಿ, ಲೇಬಲ್ಲು, ಪ್ಯಾಕಿಂಗ್ ಸೇರಿ ₹90. ಒಟ್ಟು ₹1,220. ಉಳಿದ ₹1,580 ನೋಡಿ ಒಡತಿ ಕೊಳ್ಳೆ ಹೊಡೆಯುತ್ತಿದ್ದಾರೆ ಅಂದುಕೊಳ್ಳಬೇಡಿ. ಬಾಡಿಗೆ, ಆಫೀಸಿನವರ ಸಂಬಳ, ಫೋಟೋಶೂಟು, ಇನ್‌ಸ್ಟಾಗ್ರಾಮ್ ಜಾಹೀರಾತು, ಬೊಟೀಕ್‌ಗಳ ಕಮಿಷನ್, ವಾಪಸ್ ಬಂದ ಮಾಲು, ವರ್ಷದ ಕೊನೆಯ ರಿಯಾಯಿತಿ, ಇಷ್ಟೆಲ್ಲ ಕಳೆದು ಅವರ ಕೈಗೆ ಉಳಿಯುವುದು ಹಿಂದಿನ ಸಂಬಳದ ಹತ್ತಿರಕ್ಕೂ ಬರುವುದಿಲ್ಲ. ಬೆಂಗಳೂರಿನಲ್ಲಿ ಬಟ್ಟೆ ಮಾರುವುದೇ ದುಬಾರಿ. ಆದರೂ ಬೆಲೆಯಲ್ಲಿ ನೂರಕ್ಕೆ ಆರು ರೂಪಾಯಿಯೂ ನೇಯ್ದವರಿಗೆ ತಲುಪದ ವ್ಯವಹಾರ ನೇಕಾರರ ಹೆಸರಿನಲ್ಲೇ ನಡೆಯುತ್ತಿದೆ ಎಂಬುದನ್ನು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆವು.

ಅದರ ಕೆಳಗೆ ಇನ್ನೊಂದು ಲೆಕ್ಕ ಬರೆದೆವು. ಕೂಲಿ ಮೀಟರಿಗೆ ₹90 ಮಾಡಿ, ಕಂಡಿಕೆ ಮತ್ತು ಕೆಚ್ಚುವ ಕೆಲಸಕ್ಕೆ ಹಾಸೊಂದಕ್ಕೆ ₹800 ಬೇರೆ ಕೊಟ್ಟರೆ ಒಂದು ಕುರ್ತಾದ ಖರ್ಚು ಏರುವುದು ಸುಮಾರು ನೂರು ರೂಪಾಯಿ. ಆಗಲೂ ಇಬ್ಬರಿಗೆ ಸೇರಿ ದಿನಕ್ಕೆ ₹440ರ ಆಸುಪಾಸು. ಸಾಕು ಎನ್ನಲಾರೆ. ಆದರೆ ₹271 ಇದ್ದದ್ದು ಅಷ್ಟಾಗಲು ಗಿರಾಕಿ ಕೊಡಬೇಕಾದ್ದು ನೂರು ರೂಪಾಯಿ ಎಂಬುದು ಎಲ್ಲರಿಗೂ ತಿಳಿಯಬೇಕು.

ಇಲ್ಲೊಂದು ತೊಡಕು ಬಂತು. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ₹2,500ರವರೆಗೆ ಜಿಎಸ್‌ಟಿ ನೂರಕ್ಕೆ 5, ಅದಕ್ಕಿಂತ ಮೇಲಿದ್ದರೆ 18. ₹2,800ರ ಕುರ್ತಾದ ಮೇಲೆ ತೆರಿಗೆ ₹504. ಬೆಲೆ ₹2,500ಕ್ಕಿಳಿದರೆ ತೆರಿಗೆ ₹125. ಯಾವ ವ್ಯಾಪಾರಿಗೂ ಬೆಲೆ ಇಳಿಸುವ ಆಸೆ ಬರುವುದು ಸಹಜ. ಇಳಿಸಬೇಕಾದರೆ ಕತ್ತರಿ ಮೊದಲು ಬೀಳುವುದು ಬಾಡಿಗೆಯ ಮೇಲಲ್ಲ, ಕೂಲಿಯ ಮೇಲೆ. ಒಡತಿ ತಯಾರಿಸಿಟ್ಟಿದ್ದ ಹೊಸ ದರಪಟ್ಟಿಯಲ್ಲಿ ನೇಯ್ಗೆಗೆ ಮೀಟರಿಗೆ ₹55 ಎಂದು ಆಗಲೇ ಬರೆದಾಗಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ರಂಗಕರ್ಮಿ ಪ್ರಸನ್ನ ಕೈಉತ್ಪನ್ನಗಳಿಗೆ ಶೂನ್ಯ ಕರ ಬೇಕೆಂದು ಸತ್ಯಾಗ್ರಹ ಹೂಡಿದ್ದರು. ಆಗ ಅದನ್ನು ಆದರ್ಶದ ಮಾತೆಂದು ತಳ್ಳಿಹಾಕಿದವರು ಈ ದರಪಟ್ಟಿಯನ್ನೊಮ್ಮೆ ನೋಡಬೇಕು.

ತಾರೀಖುಗಳು

ಇಂಥ ಪರಿಶೀಲನೆಗೆ ಸಿದ್ಧ ಪ್ರಶ್ನಾವಳಿಗಳು ಸಿಗುತ್ತವೆ. ನಾರು ಯಾವುದು, ಪ್ರಮಾಣಪತ್ರ ಇದೆಯೇ, ಪ್ಯಾಕಿಂಗ್ ಯಾವುದು, ಹೀಗೆ ಸಾಗುತ್ತವೆ. ನಾವು ತೆಗೆದುಕೊಂಡು ಹೋಗಿದ್ದ ಪ್ರಶ್ನಾವಳಿಯಲ್ಲಿ ಹಣ ಯಾವತ್ತು ಕೊಟ್ಟಿರಿ ಎಂಬ ಪ್ರಶ್ನೆಯೇ ಇರಲಿಲ್ಲ. ಈ ಪ್ರಕರಣದಲ್ಲಿ ಅತಿ ಹೆಚ್ಚು ವಿಷಯ ಹೊರಬಿದ್ದದ್ದು ಆ ಪ್ರಶ್ನೆಯಿಂದ. ಎಷ್ಟು ಕೊಡುತ್ತೀರಿ ಎಂದು ಕೇಳುವುದಕ್ಕಿಂತ ಯಾವಾಗ ಕೊಡುತ್ತೀರಿ, ಮಾರಾಟವಾಗದಿದ್ದರೆ ನಷ್ಟ ಯಾರ ತಲೆಗೆ ಎಂದು ಕೇಳಬೇಕು ಎಂಬುದು ಈಗ ನನ್ನ ಖಚಿತ ನಿಲುವು.

ಒಂದು ನಮೂದು ಹೀಗಿತ್ತು: 120 ಮೀಟರ್ ಬಟ್ಟೆ ಬೆಂಗಳೂರಿಗೆ ಬಂದದ್ದು ಜೂನ್ 12, ಮಧ್ಯವರ್ತಿಯ ಖಾತೆಗೆ ಹಣ ಹೋದದ್ದು ಸೆಪ್ಟೆಂಬರ್ 30. ನೂರಹತ್ತು ದಿನ. ಇದೊಂದೇ ಅಲ್ಲ, ವರ್ಷದ ಹೆಚ್ಚಿನ ನಮೂದುಗಳು ಇದೇ ಥರ. ಕಾರಣವೂ ಪುಸ್ತಕದಲ್ಲೇ ಇತ್ತು. ಬೊಟೀಕ್‌ಗಳು ಮಾಲನ್ನು ‘ಮಾರಾಟವಾದರೆ ದುಡ್ಡು, ಇಲ್ಲದಿದ್ದರೆ ವಾಪಸ್’ ಎಂಬ ಕರಾರಿನ ಮೇಲೆ ತೆಗೆದುಕೊಳ್ಳುತ್ತವೆ. ಅವು ಮೂರು ತಿಂಗಳಿಗೆ ಲೆಕ್ಕ ಮುಗಿಸುತ್ತವೆ. ಅಲ್ಲಿಂದ ಹಣ ಬಂದ ಮೇಲೆ ಬ್ರ್ಯಾಂಡ್ ಮಧ್ಯವರ್ತಿಗೆ, ಮಧ್ಯವರ್ತಿ ನೇಕಾರರಿಗೆ. ಇಂದಿರಾನಗರದ ಹ್ಯಾಂಗರಿನಲ್ಲಿ ಕುರ್ತಾ ತೂಗಾಡಿದಷ್ಟು ದಿನ ಗುಳೇದಗುಡ್ಡದ ಮನೆಗೆ ದುಡ್ಡಿಲ್ಲ. ಬ್ಯಾಂಕ್ ಸಾಲ ಸಿಗುವವರೆಲ್ಲ ಈ ಸರಪಳಿಯ ಮೇಲ್ತುದಿಯಲ್ಲಿದ್ದಾರೆ. ಅವರೆಲ್ಲರ ಬಂಡವಾಳ ಬಡ್ಡಿಯಿಲ್ಲದೆ ಒದಗುತ್ತಿರುವುದು ಕೆಳತುದಿಯಿಂದ.

‘ಬಟ್ಟಿ ಹೋದ ಮ್ಯಾಲ ರೊಕ್ಕ ಬರೂತನಕ ಮಗ್ಗ ಸುಮ್ನ ಇರತೈತ್ರಿ’ ಎಂದು ನೇಕಾರರು ಹೇಳಿದರು. ಸುಮ್ಮನಿರಬಾರದೆಂದರೆ ಊರಿನ ಸಾಹುಕಾರರ ಬಳಿ ನೂಲು ಉದ್ರಿ ತರಬೇಕು. ಉದ್ರಿ ತಂದರೆ ಅವರಿಗೇ ನೇಯ್ದುಕೊಡಬೇಕು, ಅವರು ಹೇಳಿದ ಕೂಲಿಗೆ. ಮೀಟರಿಗೆ ₹65 ಎಂಬ ‘ಹೆಚ್ಚಿನ’ ದರದಲ್ಲಿ ಸಿಕ್ಕ ಲಾಭ ಅಲ್ಲಿಗೆ ಕರಗಿತು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಅತಿಸಣ್ಣ, ಸಣ್ಣ ಉದ್ಯಮದಿಂದ ಮಾಲು ಕೊಂಡವರು ಬರಹದ ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಇದರ ಬಲ ಸಿಗಲು ಉದ್ಯಮ್ ಎಂಬ ಸರ್ಕಾರಿ ಸಣ್ಣ ಉದ್ಯಮ ನೋಂದಣಿ ಇರಬೇಕು. ಆ ಮನೆಗೆ ಅದು ಇರಲಿಲ್ಲ, ಅಂಥದ್ದೊಂದು ಇದೆ ಎಂದು ಯಾರೂ ಹೇಳಿಯೂ ಇರಲಿಲ್ಲ.

ಇನ್ನೊಂದು ನಮೂದು ರದ್ದಾದ ಆರ್ಡರಿನದು. ಗಿಳಿಹಸಿರು ಹಾಸು ಮಗ್ಗಕ್ಕೇರಿದ ಮೇಲೆ ಬೆಂಗಳೂರಿನಿಂದ ಸಂದೇಶ ಹೋಗಿದೆ: ಈ ಸಲ ಮಾವಿನ ಹಳದಿ ಬೇಕು, ಹಸಿರು ಬೇಡ. ಹಾಸು ಸುತ್ತಿದ ಬೀಮಿನ ಮೇಲೆ ಇನ್ನೂ 30 ಮೀಟರ್ ಬಾಕಿಯಿತ್ತು. ಬಿಚ್ಚಲಾಗದ್ದನ್ನು ನೇಯ್ದೇ ಮುಗಿಸಬೇಕು. ನೇಯ್ದರು, ಸಂತೆಯಲ್ಲಿ ಅರ್ಧ ಬೆಲೆಗೆ ಕೊಟ್ಟರು. ಬ್ರ್ಯಾಂಡಿನ ಪುಸ್ತಕದಲ್ಲಿ ಇದಕ್ಕೆ ನಷ್ಟದ ಸಾಲೇ ಇಲ್ಲ. ನಷ್ಟ ಆದದ್ದು ಬೇರೆ ಮನೆಯಲ್ಲಿ.

ಟ್ಯಾಗಿನ ಹಿಂಬದಿಯಲ್ಲಿ ಕಂಡಿಕೆ ಸುತ್ತುವ ಆ ತಾಯಿಯ ಫೋಟೋ ಇತ್ತು. ನಾವು ಟ್ಯಾಗು ತೋರಿಸಿದಾಗಲೇ ಅವರಿಗೆ ಗೊತ್ತಾದದ್ದು.

ಹೊಲಿಗೆ ಮನೆ

ಬನಶಂಕರಿಯ ಆ ನೆಲಮಹಡಿ ಒಳ್ಳೆಯ ಜಾಗ. ಕಿಟಕಿ ದೊಡ್ಡದು, ಬೆಳಕು ಚೆನ್ನಾಗಿದೆ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ. ಒಂಬತ್ತು ಜನ ಹೊಲಿಗೆಯವರು, ಹೆಚ್ಚಿನವರು ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ದುಡಿದು ಬಂದವರು. ಗಂಟೆಗಿಷ್ಟು ಪೀಸು ಎಂದು ಕೂಗುವವರಿಲ್ಲ, ಬಾತ್‌ರೂಮಿಗೆ ಹೋದರೆ ಗಡಿಯಾರ ನೋಡುವವರಿಲ್ಲ. ಒಡತಿಯನ್ನು ‘ಅಕ್ಕ’ ಎಂದೇ ಕರೆಯುತ್ತಾರೆ. ದಿನಕ್ಕೆ ಎರಡು ಕುರ್ತಾ, ತಿಂಗಳಿಗೆ ಸುಮಾರು ₹14,000.

ಇಎಸ್‌ಐ, ಪಿಎಫ್ ಎರಡೂ ಇಲ್ಲ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಯೂ ಇಲ್ಲ, ಭವಿಷ್ಯನಿಧಿಯೂ ಇಲ್ಲ. ಒಂಬತ್ತೇ ಜನ, ಕಾನೂನು ಅನ್ವಯಿಸುವುದಿಲ್ಲ ಎಂದು ಲೆಕ್ಕಿಗರು ಹೇಳಿದ್ದರಂತೆ. ಆದರೆ ಆಫೀಸಿನಲ್ಲಿ ಮೂವರಿದ್ದಾರೆ. ಹೊಲಿಗೆಯವರನ್ನು ‘ಕಾಂಟ್ರ್ಯಾಕ್ಟ್’ ಎಂದು ಬರೆದುಕೊಂಡರೂ ಇಎಸ್‌ಐಗೆ ಅವರೂ ಲೆಕ್ಕಕ್ಕೆ ಬರುತ್ತಾರೆ. ಒಟ್ಟು ಹನ್ನೆರಡು. ಹತ್ತು ಜನ ಆದ ಮೇಲೆ ಇಎಸ್‌ಐ ಕಡ್ಡಾಯ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ದೂರು ಕೇಳುವ ಆಂತರಿಕ ಸಮಿತಿಯೂ ಕಡ್ಡಾಯ. ಪಿಎಫ್‌ಗೆ ಮಾತ್ರ ಇಪ್ಪತ್ತು ಜನ ಬೇಕು.

‘ಅಲ್ಲಿ ಬೈತಿದ್ರು ಮೇಡಂ, ಆದ್ರೆ ಇಎಸ್‌ಐ ಇತ್ತು. ಇಲ್ಲಿ ಅಕ್ಕ ಒಂದು ಮಾತೂ ಆಡಲ್ಲ, ಆದ್ರೆ ಮಗೂಗೆ ಜ್ವರ ಬಂದ್ರೆ ಕೈಯಿಂದ ದುಡ್ಡು’ ಎಂದು ಒಬ್ಬರು ಹೇಳಿದರು. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾಯಿಸಿದ್ದಕ್ಕೆ ಬೆಂಗಳೂರಿನ ರಸ್ತೆಗಳನ್ನು ತುಂಬಿಕೊಂಡ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಕಂಡವರಿಗೆ ಈ ಸೌಲಭ್ಯಗಳು ಅವರಿಗೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮಾಲೀಕರ ಪಾಲಿನ ಇಎಸ್‌ಐ ಸಂಬಳದ ನೂರಕ್ಕೆ 3.25. ₹14,000ಕ್ಕೆ ₹455. ಒಂದು ಕುರ್ತಾದ ಮೇಲೆ ಬೀಳುವುದು ಒಂಬತ್ತು ರೂಪಾಯಿ ಚಿಲ್ಲರೆ.

ಶೂನ್ಯ ತ್ಯಾಜ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಚಿಂದಿಯಲ್ಲಿ ಚೀಲ ಹೊಲಿಯುತ್ತಾರೆ, ಸಣ್ಣ ಚಿಂದಿ ಒಣ ಕಸಕ್ಕೆ ಹೋಗುತ್ತದೆ, ಕೊರಿಯರ್ ಕವರು ಪ್ಲಾಸ್ಟಿಕ್ಕಿನದು. ತ್ಯಾಜ್ಯ ಕಡಿಮೆ ಎನ್ನಬಹುದು, ಶೂನ್ಯ ಅಲ್ಲ.

ವರದಿಯ ನಂತರ

ಬಳಗದ ಸಭೆಯಲ್ಲಿ ಎರಡು ಅಭಿಪ್ರಾಯ ಬಂದವು. ಮಳಿಗೆ ಕೊಡಲೇಬಾರದು ಎಂದರು ಕೆಲವರು. ಇವರನ್ನು ಬಿಟ್ಟರೆ ಪುಸ್ತಕವನ್ನೇ ತೋರಿಸದ ಇನ್ನೊಬ್ಬರು ಆ ಜಾಗಕ್ಕೆ ಬರುತ್ತಾರೆ ಎಂದರು ಉಳಿದವರು. ನಾನು ಎರಡನೆಯವರ ಕಡೆ ಇದ್ದೆ, ಆದರೆ ಟ್ಯಾಗು ಬದಲಾಗದೆ ಒಂದು ಕುರ್ತಾವನ್ನೂ ಮೇಳಕ್ಕೆ ಬಿಡಬಾರದು ಎಂಬ ಷರತ್ತಿನ ಮೇಲೆ. ಇದು ಬರೀ ನಮ್ಮ ಹಟವೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ‘ನೈಸರ್ಗಿಕ’, ‘ಪರಿಸರಸ್ನೇಹಿ’ ಎಂಬಂಥ ಮಾತು ಹಾಕುವವರು ಅದಕ್ಕೆ ತಕ್ಕ ವಿವರ ಮತ್ತು ಪುರಾವೆ ಕೊಡಬೇಕು.

ಹೊಸ ಟ್ಯಾಗು ಚಿಕ್ಕದಾಯಿತು: ‘ಕೈಮಗ್ಗದ ಹತ್ತಿ. ನೀಲಿ ಮತ್ತು ಚೊಗರು ಬಣ್ಣ ನೈಸರ್ಗಿಕ, ಉಳಿದವು ರಿಯಾಕ್ಟಿವ್. ನೇಯ್ಗೆ ಕೂಲಿ ಮೀಟರಿಗೆ ₹90.’ ನ್ಯಾಯವಾದ ಕೂಲಿ ಎಂಬ ಮಾತಿಗೆ ನಾವು ಒಪ್ಪಲಿಲ್ಲ. ಅಂಕಿ ಅಚ್ಚು ಹಾಕಿಸಿ, ನ್ಯಾಯವೋ ಅಲ್ಲವೋ ಓದಿದವರು ಹೇಳಲಿ ಎಂದೆವು. ಒಡತಿಗೆ ಮೊದಲು ಹಿಂಜರಿಕೆಯಿತ್ತು, ಆಮೇಲೆ ಒಪ್ಪಿದರು. ಫೋಟೋವನ್ನು ಆ ತಾಯಿಯ ಒಪ್ಪಿಗೆ ಕೇಳಿ ಉಳಿಸಿಕೊಳ್ಳಲು ಹೋದರು, ಅವರು ಬೇಡ ಅಂದರು, ತೆಗೆದರು. ಹಾಸೊಂದಕ್ಕೆ ₹800ರ ತಯಾರಿ ಕೂಲಿ ಈಗ ನೇರವಾಗಿ ಆ ತಾಯಿಯ ಬ್ಯಾಂಕ್ ಖಾತೆಗೆ ಹೋಗುತ್ತದೆ. ಇದರಲ್ಲಿ ನನಗೆ ಆದಷ್ಟು ಸಂತೋಷ ಬೇರೆ ಯಾವುದರಲ್ಲೂ ಆಗಲಿಲ್ಲ. ಹಾಸು ಮಗ್ಗಕ್ಕೇರಿದ ದಿನ ಅರ್ಧ ಹಣ, ಬಟ್ಟೆ ಬಂದ 30 ದಿನದೊಳಗೆ ಉಳಿದರ್ಧ, ಹಾಸು ಏರಿದ ಮೇಲೆ ಬಣ್ಣ ಬದಲಾಯಿಸುವ ಹಾಗಿಲ್ಲ ಎಂದು ಕನ್ನಡದಲ್ಲೇ ಕರಾರು ಬರೆಸಿದೆವು. ಹನ್ನೆರಡು ಜನಕ್ಕೂ ಇಎಸ್‌ಐ ನೋಂದಣಿಯಾಯಿತು, ಆಂತರಿಕ ಸಮಿತಿಯೂ ರಚನೆಯಾಯಿತು. ಬಣ್ಣದ ಕೆಲಸ ನೀರು ಶುದ್ಧೀಕರಣ ಘಟಕವಿರುವ ಬೇರೆ ಕಡೆಗೆ ಹೋಯಿತು, ಕಿಲೋಗೆ ದರ ಸ್ವಲ್ಪ ಜಾಸ್ತಿ.

ತೆರಿಗೆಯ ತೊಡಕಿಗೆ ಒಡತಿಯೇ ದಾರಿ ಹುಡುಕಿದರು. ಕಸೂತಿಯಿಲ್ಲದ ಸಾದಾ ಕುರ್ತಾ ₹2,480ಕ್ಕೆ, ಕಸೂತಿಯದು ₹2,900ಕ್ಕೆ. ಎರಡರಲ್ಲೂ ನೇಯ್ಗೆಯ ಕೂಲಿ ಒಂದೇ. ಆದರೆ ಸಾದಾ ಕುರ್ತಾ ಹೆಚ್ಚು ಹೋದಂತೆ ಧಾರವಾಡದ ಕಸೂತಿಯವರಿಗೆ ಕೆಲಸ ಕಡಿಮೆಯಾಗುತ್ತದೆ. ಇದಕ್ಕೆ ನಮ್ಮ ಬಳಿ ಉತ್ತರ ಇರಲಿಲ್ಲ.

ಒಂದು ವಿಷಯದಲ್ಲಿ ಒಡತಿ ಒಪ್ಪಲಿಲ್ಲ. ಬೊಟೀಕ್‌ಗಳಿಗೆ ವಾಪಸ್ ಕರಾರಿನ ಮೇಲೆ ಮಾಲು ಕೊಡುವುದನ್ನು ನಿಲ್ಲಿಸಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದರು. ಅದು ಇರುವವರೆಗೆ ಕೈಯಲ್ಲಿ ದುಡ್ಡು ಬಿಗಿಯಾದಾಗ ಮೊದಲು ಮುರಿಯುವುದು 30 ದಿನದ ಮಾತೇ ಎಂದು ನಾವು ಹೇಳಿದೆವು. ಬಳಗ ಸಾಮಾನ್ಯವಾಗಿ ಮೂರು ವರ್ಷಕ್ಕೆ ಕೊಡುವ ಮಾನ್ಯತೆಯನ್ನು ಇವರಿಗೆ ಒಂದೇ ವರ್ಷಕ್ಕೆ ಕೊಟ್ಟಿತು. ನವೀಕರಣಕ್ಕೆ ಬರುವಾಗ ದಸರೆಯಿಂದ ಸಂಕ್ರಾಂತಿಯವರೆಗಿನ ಬ್ಯಾಂಕ್ ಖಾತೆಯ ಪ್ರತಿಯನ್ನೂ ಬಟ್ಟೆ ಬಂದ ದಿನದ ರಶೀದಿಗಳನ್ನೂ ತರಬೇಕು ಎಂದು ಮಾನ್ಯತಾ ಪತ್ರದಲ್ಲೇ ಬರೆದಿದ್ದೇವೆ.